ನಕ್ಷತ್ರದ ಸ್ಥಳ ಮಹಜರು

ಉಪಗ್ರಹದಿಂದ ನೋಡಲಾದ ಯಾವುದೇ ಮೇಲ್ಮೈಯ ಕುರಿತು, ಸದರಿ ಮೇಲ್ಮೈ ಇರುವ ಸ್ಥಳಕ್ಕೆ ಖುದ್ದು ಹೋಗಿ, ಇಬ್ಬರು ಪಂಚರ ಸಮಕ್ಷಮ ಮಹಜರು ಬರೆಯದ ಹೊರತು, ಯಾರೂ ಏನನ್ನೂ ಹೇಳತಕ್ಕದ್ದಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಿಗೆ ಅನ್ವಯಿಸುವ ಈ ನಿಯಮ ಜಾರಿಗೆ ಬಂದು ಆರು ವರ್ಷವಾಯಿತು. ಇದನ್ನು ಪಾಲಿಸಲೆಂದೇ ಸಾಗರದಲ್ಲಿ ಮೇಲ್ಮೈ ದೃಢೀಕರಣ ಕಚೇರಿ ಎಂಬ ಕಚೇರಿ ಇದೆ. ಸ್ಥಳಕ್ಕೆ ಹೋಗಲು ಅನುಕೂಲವಾಗಲಿ ಎಂದು ಕಚೇರಿಗೊಂದು ಜೀಪು ಮಂಜೂರಾಗಿದೆ. ಚಾಲಕನ ಹುದ್ದೆ ಮಂಜೂರಾಗದ ಕಾರಣ ಸಿಬ್ಬಂದಿ ಬಸ್ಸಿನಲ್ಲಿ ಹೋಗಿಬಂದು ಜೀಪಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ.

ಈ ನಿಯಮ ಸರ್ಕಾರಕ್ಕೆ ತಾನಾಗಿ ಹೊಳೆದದ್ದಲ್ಲ. ಅದನ್ನು ಹೋರಾಡಿ ತಂದವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಬೆಳ್ಳಪ್ಪನವರು. ಅವರ ದನದ ಕೊಟ್ಟಿಗೆಯ ಹೆಂಚಿಗೆ ಪಾಚಿ ಹಿಡಿದಿತ್ತು. ಆಕಾಶದಲ್ಲಿ ತಿರುಗುತ್ತಿದ್ದ ಯಾವುದೋ ಉಪಗ್ರಹಕ್ಕೆ ಅದು ನಿತ್ಯಹರಿದ್ವರ್ಣದ ದಟ್ಟ ಕಾಡಾಗಿ ಕಂಡು, ನಕ್ಷೆಯಲ್ಲಿ ಕೊಟ್ಟಿಗೆ ಇದ್ದ ಜಾಗಕ್ಕೆ ಕಡುಹಸಿರು ಬಿತ್ತು. ದಟ್ಟ ಕಾಡಿನ ನಡುವೆ ಎರಡು ಎಮ್ಮೆಗಳನ್ನು ಅಕ್ರಮವಾಗಿ ಕಟ್ಟಿದ್ದೀರಿ, ಯಾಕೆ ತೆರವುಗೊಳಿಸಬಾರದು ಎಂದು ನೋಟೀಸು ಬಂತು. ಬೆಳ್ಳಪ್ಪನವರ ತಂದೆ ಗೇಣಿ ಅಳೆದು ಅಳೆದು ಸವೆದು, ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಹನ್ನೆರಡು ವರ್ಷ ಕಚೇರಿ ಮೆಟ್ಟಿಲು ಹತ್ತಿ ಹೆಸರಿಗೆ ಮಾಡಿಕೊಂಡ ಜಾಗ ಅದು. ಬೆಳ್ಳಪ್ಪನವರು ಊರೂರು ತಿರುಗಿ ಸಮಿತಿ ಕಟ್ಟಿದರು. "ಮೇಲಿಂದ ನೋಡ್ಬೇಡಿ, ಕೆಳಗಿಳಿದು ಬನ್ನಿ" ಎಂದು ಸಾಗರದಲ್ಲಿ ಹನ್ನೊಂದು ದಿನ ಧರಣಿ ಕೂತರು. ಸರ್ಕಾರ ಒಪ್ಪಿತು. ಒಪ್ಪಿದ ಉತ್ಸಾಹದಲ್ಲಿ 'ಕೃಷಿ ಜಮೀನಿನ ಮೇಲ್ಮೈ' ಎನ್ನುವ ಬದಲು 'ಯಾವುದೇ ಮೇಲ್ಮೈ' ಎಂದು ಬರೆಯಿತು. ಪ್ರತಿ ಮಹಜರಿಗೂ ಸಮಿತಿಯ ಅಧ್ಯಕ್ಷರ ಸಹಿ ಕಡ್ಡಾಯ ಎಂದೂ ಸೇರಿಸಿತು. ಅಧ್ಯಕ್ಷರು ಅಂದಿನಿಂದ ಇಂದಿನವರೆಗೆ ಬೆಳ್ಳಪ್ಪನವರೇ.

ಅವರ ಮಗಳು ಭವ್ಯಾ ಹೊಸನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಹದಿಮೂರು ವರ್ಷದಿಂದ ಪ್ರತಿ ಜೂನಿನಲ್ಲಿ ಹೊಸದಾಗಿ ಅತಿಥಿಯಾಗುತ್ತಿದ್ದಳು. ಪಿಎಚ್.ಡಿ. ಆದರೆ ಖಾಯಂ ಆಗಿ ಮನೆಯವಳೇ ಆಗಬಹುದು ಎಂದು ಯಾರೋ ಹೇಳಿದ್ದರಿಂದ, ಹನ್ನೊಂದು ವರ್ಷದ ಹಿಂದೆ ಒಂದು ನ್ಯೂಟ್ರಾನ್ ನಕ್ಷತ್ರವನ್ನು ಹಿಡಿದುಕೊಂಡಿದ್ದಳು. ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತಾಗ ಅದರ ತಿರುಳು ಕುಸಿದು ಉಳಿಯುವ ಗಟ್ಟಿ ಉಂಡೆ ಅದು. ತೂಕ ಸೂರ್ಯನಿಗಿಂತ ಹೆಚ್ಚು, ಅಗಲ ಮಾತ್ರ ಮೇಳಿಗೆಯಿಂದ ತೀರ್ಥಹಳ್ಳಿಗೆ ಹೋಗಿಬಂದಷ್ಟು. ಅಂಥದ್ದರ ಮೇಲ್ಮೈ ಎಷ್ಟು ಬಿಸಿ ಇದೆ ಎಂದು ತಿಳಿದರೆ, ಒಳಗೆ ಏನಿದೆ ಎಂದು ಊಹಿಸಬಹುದು. ಆ ಬಿಸಿ ಎಕ್ಸ್-ಕಿರಣವಾಗಿ ಬರುತ್ತದೆ. ಅದನ್ನು ಭೂಮಿಯಿಂದ ನೋಡಲಾಗದು. ಉಪಗ್ರಹದ ಮೇಲಿನ ದೂರದರ್ಶಕವೇ ಬೇಕು. ದೂರದರ್ಶಕ ನೋಡಿದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಭವ್ಯಾ ಮೇಳಿಗೆಯ ಹಾಲಿನ ಡೈರಿಯ ಎದುರು, ನೆಟ್‌ವರ್ಕ್ ಸಿಗುವ ಒಂದೇ ಕಲ್ಲುಬೆಂಚಿನ ಮೇಲೆ ಕೂತು ಅದನ್ನೆಲ್ಲ ಇಳಿಸಿಕೊಂಡಿದ್ದಳು.

ಪ್ರಬಂಧ ಮುಗಿಯಿತು. ವಿಶ್ವವಿದ್ಯಾಲಯದಿಂದ ಪತ್ರ ಬಂತು.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಪ್ರಬಂಧವು ಉಪಗ್ರಹದಿಂದ ನೋಡಲಾದ ಮೇಲ್ಮೈಯೊಂದರ ಕುರಿತಾಗಿದ್ದು, ತಾವು ಮೇಳಿಗೆಯ ಖಾಯಂ ನಿವಾಸಿಯಾಗಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಮಾರ್ಚ್ ಮೂವತ್ತೊಂದರೊಳಗೆ ಸ್ಥಳ ದೃಢೀಕರಣ ಪತ್ರ ಲಗತ್ತಿಸತಕ್ಕದ್ದು. ತಪ್ಪಿದಲ್ಲಿ, ಈಗಾಗಲೇ ಎರಡು ಬಾರಿ ವಿಸ್ತರಿಸಲಾದ ತಮ್ಮ ನೋಂದಣಿಯನ್ನು ರದ್ದುಪಡಿಸಲಾಗುವುದು."

ಅವತ್ತು ಮಾರ್ಚ್ ಮೂರು. ಹನ್ನೊಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಲು ಇಪ್ಪತ್ತೆಂಟು ದಿನ ಬಾಕಿಯಿತ್ತು. ಭವ್ಯಾ ರಜೆ ಹಾಕಿ ಸಾಗರದ ಬಸ್ಸು ಹತ್ತಿದಳು.

ಕಚೇರಿಯ ವಿಷಯ ನಿರ್ವಾಹಕ ಯೋಗರಾಜ್ ಸಜ್ಜನರು. ಯಾರನ್ನೂ ನಿಲ್ಲಿಸಿ ಮಾತಾಡಿಸಿದವರಲ್ಲ. ಕುರ್ಚಿ ತೋರಿಸಿ, ನಮೂನೆ ತೆಗೆದು, ಪೆನ್ನಿನ ಟೋಪಿ ಬಿಚ್ಚಿದರು.

"ಸ್ಥಳ ಯಾವ್ದು ಮೇಡಂ?"

"ಹತ್ತು ಸಾವಿರ ಜ್ಯೋತಿರ್ವರ್ಷ ದೂರ ಸರ್. ಉತ್ತರ ಆಕಾಶದಲ್ಲಿ."

"ದೂರ ಆಮೇಲೆ ಬರ್ಕೊಳ್ಳಣ, ಪ್ರಯಾಣಭತ್ಯೆಗೆ ಬೇಕಾಗ್ತದೆ. ಹೋಬಳಿ ಹೇಳಿ."

"ಹೋಬಳಿ ಇಲ್ಲ ಸರ್. ನಕ್ಷತ್ರ ಅದು."

"ಕಂಪ್ಯೂಟರು ಹೋಬಳಿ ಇಲ್ದೆ ಮುಂದೆ ಹೋಗಲ್ಲ ಮೇಡಂ. ನೀವು ಎಲ್ಲಿ ಕೂತು ನೋಡಿದ್ರಿ?"

"ಮೇಳಿಗೆ ಡೈರಿ ಎದುರು."

"ಹಂಗನ್ನಿ ಮತ್ತೆ. ಮೇಳಿಗೆ." ಯೋಗರಾಜ್ ನೆಮ್ಮದಿಯಿಂದ ಬರೆದುಕೊಂಡರು. "ಸರ್ವೆ ನಂಬರು?"

ನಕ್ಷತ್ರಗಳ ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆ ಇತ್ತು. ಭವ್ಯಾ ಹೇಳಿದಳು. ಹನ್ನೆರಡು ಅಂಕಿ, ನಡುವೆ ಒಂದು ಕೂಡಿಸುವ ಚಿಹ್ನೆ. ಯೋಗರಾಜ್ ಮುಖ ಅರಳಿತು. "ಪೋಡಿ ಎಲ್ಲ ಆಗಿ ಪ್ರತ್ಯೇಕ ನಂಬರು ಬಿದ್ದಿದೆ ಅನ್ನಿ. ಎಷ್ಟೋ ಜನರದ್ದು ಇಷ್ಟೂ ಆಗಿರಲ್ಲ. ಚಕ್ಕುಬಂದಿ ಹೇಳಿ. ಪೂರ್ವಕ್ಕೇನಿದೆ?"

"ಖಾಲಿ."

"ಪಶ್ಚಿಮಕ್ಕೆ?"

"ಖಾಲಿನೇ ಸರ್. ನಾಲ್ಕೂ ಕಡೆ ಏನೂ ಇಲ್ಲ."

ಯೋಗರಾಜ್ ಕನ್ನಡಕ ತೆಗೆದರು. "ಖಾಲಿ ಅಂದ್ರೆ ಸರ್ಕಾರಿ. ನಾಲ್ಕೂ ಕಡೆ ಸರ್ಕಾರಿ ಜಾಗ ಅಂದ್ಮೇಲೆ ಮಧ್ಯ ಇರೋದು ಒತ್ತುವರಿ ಆಯ್ತಲ್ಲ ಮೇಡಂ. ಯಾವಾಗಿಂದ ಇದೆ ಅದು ಅಲ್ಲಿ?"

"ಹತ್ತು ಸಾವಿರ ವರ್ಷಕ್ಕಿಂತ ಮೇಲಾಯ್ತು."

"ಎಪ್ಪತ್ತೆಂಟಕ್ಕಿಂತ ಮುಂಚೆ ತಾನೆ?"

"ಮುಂಚೆ."

"ಹಂಗಾದ್ರೆ ತೊಂದ್ರೆ ಇಲ್ಲ ಬಿಡಿ," ಎಂದು ಕನ್ನಡಕ ಮತ್ತೆ ಹಾಕಿಕೊಂಡರು. ಮಲೆನಾಡಿನಲ್ಲಿ ಎಪ್ಪತ್ತೆಂಟನೇ ಇಸವಿಗಿಂತ ಹಿಂದಿನ ಒತ್ತುವರಿಗೆ ಒಂದಿಷ್ಟು ಮರ್ಯಾದೆ ಇದೆ. "ಆದ್ರೆ ನಿಮ್ಮ ದಾಖಲೆ ಹಳೇದಾಯ್ತಲ್ಲ. ಕಿರಣ ಅಲ್ಲಿಂದ ಹೊರಟೇ ಹತ್ತು ಸಾವಿರ ವರ್ಷ ಅಂತೀರಿ. ನಮ್ಮಲ್ಲಿ ಮೂರು ತಿಂಗಳೊಳಗಿಂದು ಮಾತ್ರ ನಡೀತದೆ. ಇರ್ಲಿ, ವಿಳಂಬ ಮನ್ನಿಸಲು ಕೋರಿ ಅಂತ ಒಂದು ಅರ್ಜಿ ಕೊಟ್ಬಿಡಿ. ಈಗ ಮುಖ್ಯದ್ದು. ತಾಪಮಾನ ಎಷ್ಟು?"

"ಹತ್ತು ಲಕ್ಷ ಡಿಗ್ರಿಗಿಂತ ಕಡಿಮೆ."

"ಎಷ್ಟು ಕಡಿಮೆ?"

"ಗೊತ್ತಿಲ್ಲ ಸರ್."

"ನೋಡಿದ್ದೀರಲ್ಲ?"

"ಉಪಗ್ರಹ ಒಂದು ಲಕ್ಷ ಸೆಕೆಂಡು ನೋಡಿದೆ. ಮೇಲ್ಮೈ ಕಾವು ಕಾಣಲಿಲ್ಲ. ಹತ್ತು ಲಕ್ಷಕ್ಕಿಂತ ಹೆಚ್ಚಿದ್ದಿದ್ರೆ ಕಾಣಲೇಬೇಕಿತ್ತು. ಕಾಣಲಿಲ್ಲ. ಅದೇ ನನ್ನ ಪ್ರಬಂಧ."

ಯೋಗರಾಜ್ ಪೆನ್ನು ಕೆಳಗಿಟ್ಟರು. ಅವರ ದನಿಯಲ್ಲಿ ನಿಜವಾದ ಗೌರವವಿತ್ತು. "ಮೇಡಂ, ಆರು ವರ್ಷದಿಂದ ಈ ಕುರ್ಚೀಲಿ ಇದೀನಿ. ಕಾಣದ್ದನ್ನ ಕಂಡೆ ಅಂತ ಬರ್ಕೊಂಡು ಬಂದವರನ್ನ ದಿನಾ ನೋಡ್ತೀನಿ. ಕಾಣದ್ದನ್ನ ಕಾಣಲಿಲ್ಲ ಅಂತಲೇ ಬರ್ಕೊಂಡು ಬಂದವರು ನೀವೇ ಮೊದಲು."

ಬೇಕಾದ ದಾಖಲೆಗಳನ್ನು ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ಎಕ್ಸ್-ಕಿರಣ ಬಳಸಿರುವುದರಿಂದ ಅರ್ಹ ಎಕ್ಸ್-ರೇ ತಂತ್ರಜ್ಞರ ವರದಿ. ಸ್ಥಳಕ್ಕೆ ಇಬ್ಬರು ಪಂಚರು. ಕೊನೆಯಲ್ಲಿ ಅಧ್ಯಕ್ಷರ ಸಹಿ. "ಅದು ನಿಮ್ಮ ತಂದೆಯವರದ್ದೇ ಅಲ್ವಾ? ಅಂದ್ಮೇಲೆ ಕೆಲಸ ಆದ ಹಾಗೇ."

ಎಕ್ಸ್-ರೇ ವರದಿ ಮರುದಿನವೇ ಸಿಕ್ಕಿತು. ಹೊಸನಗರದ ಬಸ್‌ಸ್ಟ್ಯಾಂಡ್ ಹಿಂದೆ ಸಣ್ಣ ಎಕ್ಸ್-ರೇ ಅಂಗಡಿ ಇಟ್ಟುಕೊಂಡಿರುವ ಮಾಸ್ತಪ್ಪ ಅವಳು ತಂದ ಉಪಗ್ರಹದ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದ. ಕಪ್ಪು ಹಿನ್ನೆಲೆ, ಅಲ್ಲಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ.

"ಮಸುಕಾಗಿದೆ ಅಕ್ಕ. ತೆಗೆಯುವಾಗ ಅಲ್ಲಾಡಿದಾರೆ."

"ಅದು ಸೆಕೆಂಡಿಗೆ ಹದಿನೈದು ಸಲ ತಿರುಗ್ತದೆ ಮಾಸ್ತಪ್ಪ."

"ಅದ್ಕೇ ಮತ್ತೆ. ಉಸಿರು ಕಟ್ಟಿ ಅಲ್ಲಾಡ್ದೆ ಇರಿ ಅಂತ ಮೊದ್ಲೇ ಹೇಳ್ಬೇಕಿತ್ತು." ಅವನು ನಿಟ್ಟುಸಿರಿಟ್ಟು, ಯಾರೋ ಮಾಡಿದ ಕೆಲಸಕ್ಕೆ ತಾನು ಸಹಿ ಹಾಕಬೇಕಲ್ಲ ಎಂಬ ಬೇಸರದಲ್ಲೇ ಬರೆದ: 'ಎಲುಬು ಮುರಿದಿರುವುದು ಕಂಡುಬಂದಿಲ್ಲ.' ಅದೂ ಸುಳ್ಳೇನಲ್ಲ ಎಂದುಕೊಂಡು ಭವ್ಯಾ ತೆಗೆದುಕೊಂಡಳು.

ಮೇಳಿಗೆಯಲ್ಲಿ ಬೆಳ್ಳಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ಕೇಳಿದರು. ಕೇಳಿ, "ಜಾಗ ನೋಡ್ದೆ ಸಹಿ ಹಾಕಲ್ಲ" ಎಂದರು.

"ಅಪ್ಪ, ಅಲ್ಲಿಗೆ ಯಾರಿಗೂ ಹೋಗಕ್ಕಾಗಲ್ಲ."

"ನಮ್ಮ ಕೊಟ್ಗೆಗೂ ಹೋಗಕ್ಕಾಗಲ್ಲ ಅಂದಿದ್ರು ಅವ್ರು. ರಸ್ತೆ ಸರಿ ಇಲ್ಲ, ಮೇಲಿಂದ್ಲೇ ಎಲ್ಲಾ ಕಾಣ್ತದೆ ಅಂತ."

"ಕೊಟ್ಗೆ ಬೇರೆ, ನಕ್ಷತ್ರ ಬೇರೆ ಅಲ್ಲೇನ್ರೀ ನಿಮ್ಗೆ?" ಒಳಗಿನಿಂದ ಹೆಂಡತಿ ಕೆರಿಯಮ್ಮ ಕೇಳಿದರು. "ಹೆತ್ತ ಮಗಳು. ಒಂದು ಸಹಿ ಗೀಚಿದ್ರೆ ಕೈ ಸವೀತದಾ?"

"ನಿಯಮ ಒಂದೇ ಮಾರಾಯ್ತಿ. ಮಗಳಿಗೊಂದು, ಊರಿಗೊಂದು ಮಾಡಿದ್ರೆ ನಾಳೆ ಬೆಳಗಾಗದ್ರೊಳಗೆ ನಿನ್ನ ಕೊಟ್ಗೆ ಮತ್ತೆ ಕಾಡಾಗ್ತದೆ. ಹನ್ನೊಂದು ದಿನ ಟಾರಿನ ಮೇಲೆ ಕೂತದ್ದು ಎಂತಕ್ಕೆ ನಾನು?"

ಭವ್ಯಾಗೆ ಸಿಟ್ಟು ಬಂತು. ಅಪ್ಪ ತಪ್ಪು ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಹೇಳಿದ್ದು ಸರಿಯಿತ್ತು. ಧರಣಿಯ ಐದನೇ ದಿನ ಅವಳೇ ಮೈಕು ಹಿಡಿದು ಅದನ್ನೇ ಹೇಳಿದ್ದಳು.

ಕೆರಿಯಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೂತರು. "ಅದೇನೇ ಅದು, ನೋಡಿದ್ರೂ ಕಾಣಲ್ಲ, ಆದ್ರೆ ಬಿಸಿ ಎಷ್ಟು ಅಂತ ಗೊತ್ತು ಅನ್ನೋದು?"

ಭವ್ಯಾ ಹೇಳಿದಳು. ಕೆರಿಯಮ್ಮ ಆಚೆಮನೆ ದುರ್ಗಮ್ಮನ ಮಾಡಿನ ಕಡೆ ನೋಡುತ್ತಾ ಕೇಳಿದರು.

"ಅಂದ್ರೆ ಹಿಂಗಲ್ಲನೆ? ಬೆಳಿಗ್ಗೆಯಿಂದ ನೋಡ್ತಾ ಇದೀನಿ, ದುರ್ಗಮ್ಮನ ಮಾಡಿನ ಮೇಲೆ ಹೊಗೆ ಇಲ್ಲ. ಒಲೆ ತಣ್ಣಗೇ ಇದೆ ಅಂತ ಹೇಳಕ್ಕಾಗಲ್ಲ, ಬೂದಿಯೊಳಗೆ ಕೆಂಡ ಇರ್ಬಹುದು. ಆದ್ರೆ ಕಡುಬು ಬೇಯುವಷ್ಟು ಬೆಂಕಿ ಇಲ್ಲ ಅಂತ ಇಲ್ಲಿ ಕೂತೇ ಹೇಳ್ತೀನಿ."

ಭವ್ಯಾ ತಾಯಿಯ ಮುಖವನ್ನೇ ನೋಡಿದಳು. ಇದೇ ಮಾತನ್ನು ವಿಶ್ವವಿದ್ಯಾಲಯದ ಸಮಿತಿಗೆ ತಿಳಿಸಲು ಅವಳಿಗೆ ನಲವತ್ತು ಚಿತ್ರ ಬೇಕಾಗಿದ್ದವು, ಆದರೂ ಸಮಿತಿಗೆ ತಿಳಿದಿರಲಿಲ್ಲ.

"ಅಷ್ಟೇ ಅಮ್ಮ."

"ಇಷ್ಟಕ್ಕೆ ಹನ್ನೊಂದು ವರ್ಷ ಬೇಕಾಯ್ತನೆ?"

"ಹಂಗಾದ್ರೆ ಎದ್ದು ಹೋಗಿ ದುರ್ಗಮ್ಮನ ಒಲೆ ನೋಡ್ಬಹುದಲ್ಲ," ಎಂದರು ಬೆಳ್ಳಪ್ಪನವರು. "ನೂರು ಹೆಜ್ಜೆ ಇಲ್ಲ."

ಮಾರ್ಚ್ ಇಪ್ಪತ್ತರವರೆಗೆ ಅವರು ಆ ಮಾತಿನಿಂದ ಕದಲಲಿಲ್ಲ. ಇಪ್ಪತ್ತೊಂದಕ್ಕೆ ಭವ್ಯಾ ಮತ್ತೆ ಸಾಗರಕ್ಕೆ ಹೋಗಿ, ಅರ್ಜಿ ಹಿಂದೆ ತೆಗೆದುಕೊಳ್ಳುತ್ತೇನೆ ಎಂದಳು. ಯೋಗರಾಜ್‌ಗೆ ಅದು ಸರಿ ಕಾಣಲಿಲ್ಲ. ಈ ಕಚೇರಿಯಲ್ಲಿ ಅರ್ಜಿಗಳು ತಿರಸ್ಕೃತವಾದದ್ದುಂಟು, ಕಳೆದುಹೋದದ್ದುಂಟು, ಯಾರೂ ಹಿಂದೆ ತೆಗೆದುಕೊಂಡದ್ದಿಲ್ಲ. ಅವರು ನಿಯಮಾವಳಿ ತೆರೆದು ಹದಿನಾಲ್ಕನೇ ನಿಯಮವನ್ನು ಗಟ್ಟಿಯಾಗಿ ಓದಿದರು:

"ಸ್ಥಳವು ಹಿನ್ನೀರಿನಲ್ಲಿ ಮುಳುಗಿರುವುದೇ ಮುಂತಾದ ಕಾರಣಗಳಿಂದ ಅಲ್ಲಿಗೆ ಹೋಗಲು ಸಾಧ್ಯವಾಗದಿದ್ದಲ್ಲಿ, ಅದೇ ಗ್ರಾಮದಲ್ಲಿರುವ ಅದೇ ಬಗೆಯ ಬೇರೊಂದು ಮೇಲ್ಮೈಯನ್ನು ಪ್ರಾತಿನಿಧಿಕ ಮೇಲ್ಮೈ ಎಂದು ಪರಿಗಣಿಸಿ ಮಹಜರು ನಡೆಸತಕ್ಕದ್ದು. ಸದರಿ ಮೇಲ್ಮೈಯನ್ನು ಎಲ್ಲಾ ಉದ್ದೇಶಗಳಿಗೂ ಮೂಲ ಮೇಲ್ಮೈ ಎಂದೇ ಭಾವಿಸತಕ್ಕದ್ದು."

ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಗದ್ದೆಗಳಿಗೆಂದು ಮಾಡಿದ ನಿಯಮ. ಮುಳುಗಿದ ಗದ್ದೆಯ ಬದಲು ದಡದ ಗದ್ದೆ ನೋಡಿ ಎಷ್ಟೋ ಮಹಜರುಗಳಾಗಿವೆ, ಮುಳುಗಿದವರು ಆಕ್ಷೇಪಿಸಿದ್ದಿಲ್ಲ.

"ನಕ್ಷತ್ರ ಯಾವ ಬಗೆ ಮೇಡಂ? ನಿಮ್ಮ ಪ್ರಬಂಧದಲ್ಲಿ ಇರೋ ಹಾಗೆ ಹೇಳಿ."

"ಗುಂಡಗೆ. ತುಂಬಾ ಗಟ್ಟಿ. ಗಿಡಮರ ಬೆಳೆಯಲ್ಲ."

"ಮೇಳಿಗೇಲಿ ಅಂಥದ್ದು?"

ಪ್ರಶ್ನೆ ಸುಲಭದ್ದಾಗಿರಲಿಲ್ಲ. ತೀರ್ಥಹಳ್ಳಿ ಸೀಮೆಯಲ್ಲಿ ಏನೂ ಬೆಳೆಯದ ಜಾಗ ಹುಡುಕುವುದು ಕಷ್ಟ. ನಿಲ್ಲಿಸಿದ ಸೈಕಲ್ಲಿನ ಸೀಟಿನ ಮೇಲೂ ಒಂದು ಮಳೆಗಾಲದಲ್ಲಿ ಏನಾದರೂ ಹುಟ್ಟುತ್ತದೆ. ಇದ್ದದ್ದು ಒಂದೇ, ಅವರ ಮನೆ ಹಿಂದಿನ ಗುಂಡು ಬಂಡೆ. ಕೆರಿಯಮ್ಮ ಮೂವತ್ತೈದು ವರ್ಷದಿಂದ ಅದರ ಮೇಲೆ ಹಪ್ಪಳ ಒಣಗಿಸಲು ಕತ್ತದ ಬ್ರಷ್ಷು ಹಾಕಿ ತಿಕ್ಕುತ್ತಿದ್ದುದರಿಂದ ಪಾಚಿ ಹತ್ತಿರ ಸುಳಿದಿರಲಿಲ್ಲ.

ಭವ್ಯಾ ಅದನ್ನು ಹೇಳಬಾರದಿತ್ತು. ಆದರೆ ಉಳಿದದ್ದು ಹತ್ತು ದಿನ.

ಮಾರ್ಚ್ ಇಪ್ಪತ್ತೇಳರ ಬೆಳಿಗ್ಗೆ ಹತ್ತೂವರೆಗೆ ಯೋಗರಾಜ್ ಬಸ್ಸಿಳಿದರು. ಜೊತೆಗೆ ಕಚೇರಿಯ ಖಾಯಂ ಪಂಚ ನಿಟ್ಟೂರಿನ ಜಟ್ಟಿಂಗಪ್ಪ. ಇವರು ಮೂರು ತಾಲ್ಲೂಕಿನ ನಾನೂರು ಮಹಜರುಗಳಲ್ಲಿ ಸಹಿ ಹಾಕಿದವರು. ಬರುವಾಗ ಪೆನ್ನು, ಸ್ಟಾಂಪ್ ಪ್ಯಾಡು, ಪಂಚನಾಮೆ ಮುಗಿದ ಮೇಲೆ ಉಣ್ಣಲು ಬಾಳೆಲೆ ಎಲ್ಲ ತಾವೇ ತರುತ್ತಾರೆ. ಎಕ್ಸ್-ರೇ ಯಂತ್ರ ಬಸ್ಸಿನೊಳಗೆ ಹಿಡಿಸದ್ದರಿಂದ ಮಾಸ್ತಪ್ಪ, ಕೊರೋನಾ ಕಾಲದಲ್ಲಿ ಜನರ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಥರ್ಮಾಮೀಟರು ತಂದಿದ್ದ. ಎರಡನೇ ಪಂಚ ದುರ್ಗಮ್ಮ. ಬೆಳ್ಳಪ್ಪನವರು ಧರಣಿಯ ಕಾಲದ ಹಸಿರು ಶಾಲು ಹೊದ್ದು ಬಂಡೆಯ ಪಕ್ಕ ಮೊದಲೇ ನಿಂತಿದ್ದರು.

ಮಹಜರು ಶುರುವಾಯಿತು. ಯೋಗರಾಜ್ ಬರೆಯುತ್ತಾ ಓದಿದರು:

"ಸದರಿ ನಕ್ಷತ್ರದ ಮೇಲ್ಮೈಯನ್ನು ಪರಿಶೀಲಿಸಲಾಗಿ, ಮೇಲ್ಮೈಯಲ್ಲಿ ಅಂದಾಜು ಎಂಬತ್ತು ಅಕ್ಕಿ ಹಪ್ಪಳಗಳು ಕಂಡುಬಂದಿದ್ದು, ಅವುಗಳನ್ನು ಪಂಚರ ಸಮಕ್ಷಮ ತೆರವುಗೊಳಿಸಲಾಯಿತು."

"ತೊಂಬತ್ತಾರು," ಎಂದರು ಕೆರಿಯಮ್ಮ. "ಈಗ ಎಷ್ಟಿದಾವೋ ಗೊತ್ತಿಲ್ಲ, ಜಟ್ಟಿಂಗಪ್ಪನೋರು ಆ ಕಡೆಯಿಂದ ತೆಗೆದ್ರು."

"ಪರಿಶೀಲನೆ ಅಮ್ಮ," ಎಂದರು ಜಟ್ಟಿಂಗಪ್ಪ, ಬಾಯಿ ಮುಚ್ಚಿಕೊಂಡೇ.

ಭವ್ಯಾ ತಡೆಯಲಾರದೆ ಹೇಳಿದಳು. "ಸರ್, ಒಂದು ಮಾತು. ಇದು ಬಂಡೆ."

ಯೋಗರಾಜ್ ಬರೆಯುವುದು ನಿಲ್ಲಿಸಿ ಮೃದುವಾಗಿ ಹೇಳಿದರು, "ಅದು ನಿಮ್ಗೂ ಗೊತ್ತು, ನನಗೂ ಗೊತ್ತು ಮೇಡಂ. ಫೈಲಿಗೆ ಗೊತ್ತಿಲ್ಲ. ಮಾಸ್ತಪ್ಪ, ನೋಡಪ್ಪ."

ಮಾಸ್ತಪ್ಪ ಪಿಸ್ತೂಲು ಹಿಡಿದ. ಅಭ್ಯಾಸಬಲದಿಂದ "ಮಾಸ್ಕ್ ತೆಗೀರಿ" ಎಂದು ಬಂಡೆಗೆ ಹೇಳಿ, ಗುಂಡಿ ಒತ್ತಿದ. ನಲವತ್ತೊಂದು ಪಾಯಿಂಟ್ ಆರು.

"ಹತ್ತು ಲಕ್ಷಕ್ಕಿಂತ ಕಡಿಮೆ ಇದೆಯಾ?" ಎಂದು ಯೋಗರಾಜ್ ಪಂಚರನ್ನು ಕೇಳಿದರು.

ಜಟ್ಟಿಂಗಪ್ಪ ಸ್ವಲ್ಪ ಯೋಚಿಸಿ, ಇದೆ ಎಂದರು. ದುರ್ಗಮ್ಮ ಒಮ್ಮೆ ಅಂಗೈಯಿಟ್ಟು ನೋಡಿ, "ಸುಮಾರು ಕಡಿಮೆನೇ ಇದೆ" ಎಂದರು. ಇಬ್ಬರೂ ಸಹಿ ಹಾಕಿದರು.

ಕಾಗದ ಬೆಳ್ಳಪ್ಪನವರ ಕೈಗೆ ಬಂತು. ಅವರು ಮೊದಲಿನಿಂದ ಕೊನೆವರೆಗೆ ಓದಿದರು, ಬಂಡೆಯ ಸುತ್ತ ಒಂದು ಸುತ್ತು ಬಂದರು, ಮುಟ್ಟಿದರು. ಆಮೇಲೆ ಮಗಳನ್ನು ಆಚೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು:

"ಸುಳ್ಳೇನೆ ಇದು?"

ಹನ್ನೊಂದು ವರ್ಷ ಒಂದೇ ಒಂದು ಅಂಕಿಯನ್ನೂ ಹೆಚ್ಚುಕಡಿಮೆ ಮಾಡದವಳು ಭವ್ಯಾ. ಅವಳು ಬಂಡೆ ನೋಡಿದಳು, ಅಪ್ಪನ ಹಸಿರು ಶಾಲು ನೋಡಿದಳು, ಉಳಿದ ನಾಲ್ಕು ದಿನವನ್ನೂ ನೋಡಿದಳು.

"ಹತ್ತು ಲಕ್ಷಕ್ಕಿಂತ ಕಡಿಮೆ ಅನ್ನೋದು ಸುಳ್ಳಲ್ಲ ಅಪ್ಪ."

"ನಾನು ಕಣ್ಣಾರೆ ನೋಡಿದ್ದು ಹೌದು," ಎಂದು ಬೆಳ್ಳಪ್ಪನವರು ತಮಗೇ ಹೇಳಿಕೊಂಡರು. ಸಹಿ ಹಾಕಿದರು. ಅವರ ಸಹಿ ಯಾವಾಗಲೂ ನೆಟ್ಟಗಿರುತ್ತದೆ; ಅವತ್ತು ಕೊನೆಯ ಸುಳಿ ಸ್ವಲ್ಪ ಕೆಳಗಿಳಿಯಿತು.

ದೃಢೀಕರಣ ಪತ್ರ ಇಪ್ಪತ್ತೊಂಬತ್ತಕ್ಕೆ ವಿಶ್ವವಿದ್ಯಾಲಯ ಸೇರಿತು. ಮೂವತ್ತಕ್ಕೆ ಫೋನು ಬಂತು. ಸ್ಥಳ ಪರಿಶೀಲನೆಯಲ್ಲಿ ಮೇಲ್ಮೈ ತಾಪಮಾನವು ನಲವತ್ತೊಂದು ಪಾಯಿಂಟ್ ಆರು ಎಂದು ಸಾಬೀತಾಗಿರುವಾಗ ಪ್ರಬಂಧದಲ್ಲಿ ಹತ್ತು ಲಕ್ಷ ಎಂದು ಉತ್ಪ್ರೇಕ್ಷಿಸಿರುವುದು ಸಂಶೋಧನಾ ಶಿಸ್ತಿಗೆ ತಕ್ಕುದಲ್ಲ. ನಾಳೆ ಸಂಜೆಯೊಳಗೆ ಸರಿಪಡಿಸತಕ್ಕದ್ದು.

ಭವ್ಯಾ ಡೈರಿ ಎದುರಿನ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಪ್ರಬಂಧದಲ್ಲಿ 'ಹತ್ತು ಲಕ್ಷ' ಇನ್ನೂರ ಹನ್ನೆರಡು ಕಡೆ ಇತ್ತು. ಪ್ರತಿಯೊಂದಕ್ಕೂ ಒಂದೊಂದು ಕಥೆ ಇತ್ತು: ಯಾವ ಲೆಕ್ಕ ಎಲ್ಲಿ ತಪ್ಪಿತ್ತು, ಯಾವ ಮಳೆಗಾಲದಲ್ಲಿ ಸರಿಯಾಯಿತು. ಹಾಲು ಹಾಕಲು ಬಂದವರು ಒಬ್ಬೊಬ್ಬರಾಗಿ "ಮುಗೀತಾ ಭವ್ಯಕ್ಕ?" ಎಂದು ಕೇಳಿ ಹೋದರು. ಒಂದೇ ಗುಂಡಿ ಒತ್ತಿದರೆ ಎಲ್ಲವನ್ನೂ ಬದಲಾಯಿಸುವ ವ್ಯವಸ್ಥೆ ಲ್ಯಾಪ್‌ಟಾಪಿನಲ್ಲಿದೆ. ಅವಳು ಒಂದೂವರೆ ಗಂಟೆ ಕೂತಿದ್ದು, ಒತ್ತಿದಳು.

ಮೌಖಿಕ ಪರೀಕ್ಷೆ ನಿರಾತಂಕವಾಗಿ ನಡೆಯಿತು. ಜಗತ್ತಿನ ದೊಡ್ಡ ದೊಡ್ಡ ತಂಡಗಳು ಹತ್ತು ಲಕ್ಷದಲ್ಲೇ ನಿಂತಿರುವಾಗ ಆ ಮಿತಿಯನ್ನು ಇಪ್ಪತ್ತನಾಲ್ಕು ಸಾವಿರ ಪಟ್ಟು ಬಿಗಿಗೊಳಿಸಿದ್ದಕ್ಕಾಗಿ ಪರೀಕ್ಷಕರು ಎದ್ದು ನಿಂತು ಕೈಕುಲುಕಿದರು. ಹೇಗೆ ಸಾಧ್ಯವಾಯಿತು ಎಂದು ಒಬ್ಬರು ಕೇಳಿದರು. "ಸ್ಥಳಕ್ಕೆ ಹೋಗಿದ್ವಿ ಸರ್," ಎಂದಳು ಭವ್ಯಾ. ಅವರು ನೋಟ್ ಮಾಡಿಕೊಂಡರು.

ಜೂನಿನಲ್ಲಿ ಅವಳು ಅತಿಥಿಯಾಗಲಿಲ್ಲ, ಡಾ. ಭವ್ಯಾ ಎಂದು ಬೋರ್ಡಿನಲ್ಲಿ ಖಾಯಂ ಹೆಸರು ಬಂತು. ಅದೇ ವಾರ ಯೋಗರಾಜ್ ಫೋನು ಮಾಡಿ, ದೃಢೀಕರಣ ಪತ್ರದ ಹಿಂಬದಿ ಓದಿದ್ದೀರಾ ಎಂದು ಕೇಳಿದರು. ಅವಳು ಓದಿರಲಿಲ್ಲ. ಹಿಂಬದಿಯಲ್ಲಿ ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ ಎಂದಿತ್ತು. ಜೊತೆಗೆ 'ಕನಿಷ್ಠ ಮಿತಿ' ಎಂಬ ಕಾಲಂ. ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲವಾದ್ದರಿಂದ, ಸ್ವಂತ ವಿವೇಚನೆಯಿಂದ ಯೋಗರಾಜ್ ಅಲ್ಲಿ ಇಪ್ಪತ್ತು ಎಂದು ತುಂಬಿದ್ದರು. ಮೇಲ್ಮೈ ಅದಕ್ಕಿಂತ ತಣ್ಣಗಾದರೆ ಪತ್ರ ರದ್ದು. ಪತ್ರ ರದ್ದಾದರೆ ಪ್ರಬಂಧ, ಪ್ರಬಂಧ ಹೋದರೆ ಹುದ್ದೆ.

"ನಿಮ್ಮ ನಕ್ಷತ್ರ ಇಪ್ಪತ್ತಕ್ಕಿಂತ ಕೆಳಗೆ ಯಾಕೆ ಹೋಗ್ತದೆ ಬಿಡಿ ಮೇಡಂ," ಎಂದು ಧೈರ್ಯ ಹೇಳಿದರು.

ಮಳೆಗಾಲದ ಪರಿಶೀಲನೆಯಲ್ಲಿ ನಕ್ಷತ್ರ ಇಪ್ಪತ್ತಮೂರಕ್ಕೆ ಬಂತು. ಒಂದೇ ಋತುವಿನಲ್ಲಿ ಹದಿನೆಂಟು ಡಿಗ್ರಿಗೂ ಹೆಚ್ಚು ತಣ್ಣಗಾದ ನ್ಯೂಟ್ರಾನ್ ನಕ್ಷತ್ರ ಇದೇ ಮೊದಲು ಎಂದು ವಿಶ್ವವಿದ್ಯಾಲಯದ ವಾರ್ತಾಪತ್ರ ಹೆಮ್ಮೆಯಿಂದ ಪ್ರಕಟಿಸಿತು. ಒಡಲಿನಲ್ಲಿ ಏನೋ ವಿಚಿತ್ರ ಪದಾರ್ಥವಿರಬಹುದೆಂದು ಇಬ್ಬರು ಪ್ರಾಧ್ಯಾಪಕರು ಲೇಖನ ಬರೆದರು. ಒಬ್ಬರು ಬಂದು ಮುಟ್ಟಿಯೂ ಹೋದರು.

ಡಿಸೆಂಬರಿನ ಪರಿಶೀಲನೆ ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಗೊತ್ತಾಯಿತು. ಆ ವಾರ ಚಳಿ ಜೋರಾಗಿತ್ತು. ಕೆರಿಯಮ್ಮನ ಕೊಬ್ಬರಿ ಎಣ್ಣೆ ಶೀಸೆಯೊಳಗೆ ಕಲ್ಲಾಗಿತ್ತು. ಹದಿನೆಂಟರ ಬೆಳಿಗ್ಗೆ ಭವ್ಯಾ ಮಾಸ್ತಪ್ಪನಿಂದ ಪಿಸ್ತೂಲು ತಂದು ತಾನೇ ಹಿಡಿದು ನೋಡಿದಳು. ಹದಿಮೂರು. ಅವಳು ಪಿಸ್ತೂಲು ಹಿಡಿದೇ ಬಚ್ಚಲ ಕಟ್ಟೆಯ ಮೇಲೆ ಕೂತಳು. ಬೆಳ್ಳಪ್ಪನವರು ಬಾಗಿಲಲ್ಲಿ ನಿಂತು ಅವಳನ್ನೂ ಬಂಡೆಯನ್ನೂ ನೋಡಿದರು.

ಮರುದಿನ ಏಳಕ್ಕೆ ಅವಳು ಹಿತ್ತಿಲಿಗೆ ಬಂದಾಗ ಬಂಡೆಯ ಬುಡದ ಪೊಟರೆಯೊಳಗೆ ಬೆಂಕಿ ಉರಿಯುತ್ತಿತ್ತು. ಬೆಳ್ಳಪ್ಪನವರು ಕಂಬಳಿ ಹೊದ್ದು, ಊದುಗೊಳವೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ದುರ್ಗಮ್ಮ ತೆಂಗಿನ ಸಿಪ್ಪೆ ಒಟ್ಟುತ್ತಿದ್ದರು.

"ಅಪ್ಪ, ಇದು..."

"ಎಂತ? ನಾನು ಎಲ್ಲೋ ಮೇಲೆ ಕೂತು ಹೇಳ್ತಾ ಇದೀನಾ? ಜಾಗದಲ್ಲೇ ಇದೀನಿ, ಕಣ್ಣಾರೆ ನೋಡ್ತಾ ಇದೀನಿ," ಎಂದು ಅವರು ಊದಿದರು.

ಎಂಟಕ್ಕೆ ಯೋಗರಾಜ್ ಬಂದರು. ಬೆಂಕಿ ನೋಡಿದರು, ಕೈ ಕಾಯಿಸಿಕೊಂಡರು, ಚೀಲದಿಂದ ನಿಯಮಾವಳಿ ತೆಗೆದು ಎರಡು ಸಲ ಹಿಂದೆ ಮುಂದೆ ತಿರುವಿದರು. ಜಟ್ಟಿಂಗಪ್ಪ ಪೆನ್ನಿನ ಟೋಪಿ ಬಿಚ್ಚಿ ಕಾದಿದ್ದರು.

"ಬೆಂಕಿ ಹಾಕಬಾರದು ಅಂತ ಎಲ್ಲೂ ಇಲ್ಲ," ಎಂದರು ಯೋಗರಾಜ್ ಕೊನೆಗೆ. "ಮತ್ತೆ ನಕ್ಷತ್ರ ಅಂದ್ಮೇಲೆ ಉರೀಲೇಬೇಕಲ್ಲ. ಇಷ್ಟು ದಿನ ಉರೀದೇ ಇದ್ದದ್ದೇ ಲೋಪ."

ಮಾಸ್ತಪ್ಪ ಪಿಸ್ತೂಲು ಹಿಡಿದ. ಮೂವತ್ತಾರು ಪಾಯಿಂಟ್ ಎಂಟು. "ನಾರ್ಮಲ್," ಎಂದ.

ಕೆರಿಯಮ್ಮ ಎಲ್ಲರಿಗೂ ಚಹಾ ತಂದರು. ಪ್ರಾಧ್ಯಾಪಕರು ಯಾವಾಗ ಬಂದು ಮುಟ್ಟುತ್ತಾರೋ ಹೇಳಲಾಗದ್ದರಿಂದ, ಚಳಿಗಾಲ ಮುಗಿಯುವವರೆಗೆ ಬೆಂಕಿ ಕಾಯುವ ಸರದಿ ಹೇಗೆ ಎಂದು ಮಾತಾಯಿತು: ಸೋಮವಾರ, ಮಂಗಳವಾರ ದುರ್ಗಮ್ಮ, ಆಮೇಲೆ ಬೆಳ್ಳಪ್ಪನವರು, ರಜೆ ಇದ್ದಾಗ ಡಾಕ್ಟರು. ಸೌದೆಯನ್ನು ಸಂಶೋಧನಾ ಸಾಮಗ್ರಿ ಎಂದು ತೋರಿಸಬಹುದೆಂದು ಯೋಗರಾಜ್ ಸೂಚಿಸಿದರು. ವರದಿಯ ಕೊನೆಯ ಕಾಲಂ 'ತಜ್ಞರ ಅಭಿಪ್ರಾಯ' ಎಂದಿತ್ತು. ಅದನ್ನು ಅವರು ಭವ್ಯಾಳ ಕಡೆ ತಿರುಗಿಸಿದರು.

ಭವ್ಯಾ ಹೊರಗೆ ಜಾರಿದ್ದ ಕೊರಡೊಂದನ್ನು ಕಾಲಿನಿಂದ ಪೊಟರೆಯೊಳಗೆ ನೂಕಿದಳು. ಆಮೇಲೆ, ಕಾಲೇಜಿನ ಬೋರ್ಡಿನ ಮೇಲೆ ಬರೆಯುವಷ್ಟೇ ದುಂಡಗಿನ ಅಕ್ಷರದಲ್ಲಿ ಬರೆದಳು: 'ನಕ್ಷತ್ರದ ಮೇಲ್ಮೈ ಮರಳಿ ಬಿಸಿಯಾಗುತ್ತಿದೆ. ಶಾಖದ ಮೂಲ ಅದರ ಒಡಲಿನಲ್ಲೇ ಇರುವುದು ಸ್ಥಳದಲ್ಲಿ ಕಂಡುಬಂದಿರುತ್ತದೆ.'

ಬೆಳ್ಳಪ್ಪನವರು ಕಾಗದ ತೆಗೆದುಕೊಂಡು ಮೊದಲಿನಿಂದ ಕೊನೆವರೆಗೆ ಓದಿದರು. ಬಗ್ಗಿ ಪೊಟರೆಯೊಳಗೆ ಒಮ್ಮೆ ಇಣುಕಿದರು.

"ಹೌದು, ಇದೆ," ಎಂದು ಸಹಿ ಹಾಕಿದರು.